ಹದಿನಾರು ಬಾರ್ ಬಿಟ್ಟುಕೊಡಿ: ಕನ್ನಡ ಚಿತ್ರಸಂಗೀತದವರಿಗೆ ಒಂದು ಬಹಿರಂಗ ಪತ್ರ

ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕರಿಗೆ, ನಿರ್ಮಾಪಕರಿಗೆ, ಆಡಿಯೋ ಕಂಪನಿಗಳ ಒಡೆಯರಿಗೆ,

ನಮಸ್ಕಾರ.

ಪಾರ್ಕಿನ ಮೂಲೆಯಲ್ಲಿ ಬ್ಲೂಟೂತ್ ಸ್ಪೀಕರಿಗೆ ಬೀಟ್ (ಹಿನ್ನೆಲೆಯ ತಾಳದ ಟ್ರ್ಯಾಕ್) ಹಾಕಿಕೊಂಡು ರ‍್ಯಾಪಿನಲ್ಲಿ ಕಿಡಿ ಹಾರಿಸುತ್ತಿದ್ದ ಹುಡುಗ ಸಿನಿಮಾ ಹಾಡಿಗೆ ಬಂದ ಕೂಡಲೇ ಸಪ್ಪೆಯಾದ ಎಂಬ ದೂರು ಈಗ ಮಾಮೂಲಾಗಿದೆ. ಹಳೆಯ ಅಭಿಮಾನಿಗಳು ‘ದುಡ್ಡು ನೋಡಿ ಕೆಟ್ಟ’ ಅನ್ನುತ್ತಾರೆ. ನಿಮ್ಮ ಕಡೆಯವರು ‘ಅವನ ಹತ್ತಿರ ಇದ್ದದ್ದೇ ಅಷ್ಟು’ ಅನ್ನುತ್ತಾರೆ. ಬೀಟ್ ಕಟ್ಟುವ, ಸಾಲು ಬರೆಯುವ, ಮಿಕ್ಸಿಂಗ್ ಮಾಡುವ ನಮಗೆ ಎರಡೂ ಮಾತು ಸೋಮಾರಿತನದವು ಅನ್ನಿಸುತ್ತದೆ. ರ‍್ಯಾಪ್ ಮೊಂಡಾಗುವ ಜಾಗಗಳನ್ನು ಬೆರಳಿಟ್ಟು ತೋರಿಸಬಹುದು: ಟೆಂಪೊ, ಅಂದರೆ ಹಾಡಿನ ವೇಗ, ನಿಗದಿಯಾಗುವ ಹೊತ್ತು, ಬಾರ್ (ನಾಲ್ಕು ಬಡಿತದ ಒಂದು ಆವರ್ತ) ಎಣಿಸುವ ಹೊತ್ತು, ಎಡಿಟರ್ ಧ್ವನಿಯನ್ನು ಹಿಡಿದೆಳೆಯುವ ಹೊತ್ತು, ಅಗ್ರಿಮೆಂಟಿಗೆ ಸಹಿ ಬೀಳುವ ಹೊತ್ತು. ಈ ನಾಲ್ಕೂ ಹೊತ್ತಿನಲ್ಲಿ ತೀರ್ಮಾನ ನಿಮ್ಮದೇ. ಆದ್ದರಿಂದ ಪತ್ರವೂ ನಿಮಗೇ.

ಮೊದಲು ಲೆಕ್ಕ. ರ‍್ಯಾಪಿನಲ್ಲಿ ಒಂದು ಪದ್ಯ ಅಂದರೆ ರೂಢಿಯಲ್ಲಿ 16 ಬಾರ್. ಬಾರಿಗೆ ನಾಲ್ಕು ಬಡಿತದಂತೆ 64 ಬಡಿತ. ನಿಮಿಷಕ್ಕೆ 90 ಬಡಿತದ ಬೀಟಿನಲ್ಲಿ ಇದು ಸುಮಾರು 43 ಸೆಕೆಂಡ್. ಮೊದಲ ನಾಲ್ಕು ಬಾರಿನಲ್ಲಿ ಜಾಗ, ಜನ ಕಾಣಿಸಬೇಕು. ನಡುವಿನ ಎಂಟರಲ್ಲಿ ವಾದ ಏರಬೇಕು. ಕೊನೆಯ ನಾಲ್ಕರಲ್ಲಿ ತಿರುವು. ನೀವು ಕೊಡುವುದು ಸಾಮಾನ್ಯವಾಗಿ ಎರಡನೇ ಚರಣದ ನಂತರ ಖಾಲಿ ಉಳಿದ ಎಂಟು ಬಾರ್, ಅದೂ 128 ಬಡಿತದ ಕುಣಿತದ ಹಾಡಿನಲ್ಲಿ. ಎಣಿಸಿ ನೋಡಿ: 32 ಬಡಿತ, ಸರಿಯಾಗಿ 15 ಸೆಕೆಂಡ್. ಹದಿನೈದು ಸೆಕೆಂಡಿನಲ್ಲಿ ಯಾರೂ ವಾದ ಮಾಡಲಾರರು, ಘೋಷಣೆ ಕೂಗಬಹುದು ಅಷ್ಟೇ. ಹಾಗಾಗಿ ಅವನು ಘೋಷಣೆ ಕೂಗಿ ಹೋಗುತ್ತಾನೆ. ಆಮೇಲೆ ನಾವೆಲ್ಲ ಸೇರಿ ಅವನ ಸಾಹಿತ್ಯದಲ್ಲಿ ಸತ್ವವಿಲ್ಲ ಅನ್ನುತ್ತೇವೆ.

ಅದಕ್ಕಿಂತ ದೊಡ್ಡ ಏಟು ಟೆಂಪೊದ್ದು. 90ರ ಬೀಟಿನಲ್ಲಿ ಪ್ರತಿ ಬಡಿತವನ್ನು ನಾಲ್ಕು ಮಾಡಿದರೆ ಸೆಕೆಂಡಿಗೆ 6 ಮಾತ್ರೆ. ಕನ್ನಡದ ನಾಲಿಗೆಗೆ ಇದು ಹದವಾದ ಓಟ. ಒತ್ತಕ್ಷರ ಒಡೆಯುವುದಿಲ್ಲ, ದೀರ್ಘ ಕುಗ್ಗುವುದಿಲ್ಲ. ಅದೇ ಬರವಣಿಗೆಯನ್ನು 128ಕ್ಕೆ ಏರಿಸಿದರೆ ಸೆಕೆಂಡಿಗೆ ಎಂಟೂವರೆ ಮಾತ್ರೆ ಆಗುತ್ತದೆ. ‘ಕಟ್ಟಡ’ ಹೋಗಿ ‘ಕಟಡ’ ಕೇಳುತ್ತದೆ. ಮಾತು ಅರ್ಥವಾಗುತ್ತಿಲ್ಲ ಎಂದು ನೀವೇ ಹೇಳುತ್ತೀರಿ, ಅವನು ಬಡಿತಕ್ಕೆ ಎರಡೇ ಮಾತ್ರೆಗೆ ಇಳಿಯುತ್ತಾನೆ. ಈಗ ಸೆಕೆಂಡಿಗೆ 4.3. ಇದು ಮಗ್ಗಿ ಹೇಳುವ ವೇಗ. ಸಿನಿಮಾ ರ‍್ಯಾಪ್ ಅನೇಕ ಸಲ ಅಂಗನವಾಡಿ ಪದ್ಯದ ಹಾಗೆ ಕೇಳಿಸುವುದಕ್ಕೆ ಈ ಭಾಗಾಕಾರವೇ ಕಾರಣ, ಪ್ರತಿಭೆಯ ಕೊರತೆ ಆಮೇಲಿನ ಮಾತು.

ಪರಿಹಾರ ಎರಡಿವೆ, ಎರಡಕ್ಕೂ ಖರ್ಚಿಲ್ಲ. ಒಂದು, ರ‍್ಯಾಪ್ ಭಾಗದಲ್ಲಿ ಡ್ರಮ್ಸನ್ನು ಅರ್ಧ ವೇಗಕ್ಕೆ ಇಳಿಸುವುದು. ಸ್ನೇರ್ (ಚಟ್ಟನೆ ಸದ್ದು ಮಾಡುವ ಡ್ರಮ್) ಎರಡು ಮತ್ತು ನಾಲ್ಕನೇ ಬಡಿತಕ್ಕೆ ಬೀಳುವ ಬದಲು ಮೂರನೆಯದಕ್ಕೆ ಮಾತ್ರ ಬೀಳಲಿ. ಹಾಡಿನ ಟೆಂಪೊ ಬದಲಾಗದು, ಆದರೆ ಕಾಲು ಇಡಲು ಜಾಗ ಸಿಗುತ್ತದೆ. ಇನ್ನೊಂದು, ಬಡಿತವನ್ನು ಮೂರಾಗಿ ಒಡೆಯುವ ನಡೆ, ರ‍್ಯಾಪರ್‌ಗಳು ಟ್ರಿಪ್ಲೆಟ್ ಅನ್ನುವುದು. 128ರಲ್ಲಿ ಬಡಿತಕ್ಕೆ ಮೂರರಂತೆ ಹೇಳಿದರೆ ಸೆಕೆಂಡಿಗೆ 6.4 ಮಾತ್ರೆ, 90ರ ಹದಕ್ಕೆ ಹತ್ತಿರ ಬಂತು. ಮೂರು ಮಾತ್ರೆಯ ನಾಲ್ಕು ಗಣ ಅಂದರೆ ನಮ್ಮ ಉತ್ಸಾಹ ರಗಳೆಯ ಸಾಲು. ನಾಲ್ಕು ಮಾತ್ರೆಯ ನಾಲ್ಕು ಗಣ ಅಂದರೆ ಮಂದಾನಿಲ ರಗಳೆ, ಒಂದು ಬಾರಿನ ಹದಿನಾರು ತುಂಡುಗಳಿಗೆ ಗೆರೆ ಎಳೆದ ಹಾಗೆ ಕೂರುತ್ತದೆ. ಎಂಟನೇ ಕ್ಲಾಸಿನಲ್ಲಿ ಪ್ರಸ್ತಾರ ಹಾಕಿ ಬೈದುಕೊಂಡವರೆಲ್ಲ ಈಗ ಒಮ್ಮೆ ಮೇಷ್ಟ್ರನ್ನು ನೆನೆಯಬಹುದು.

ಉದಾಹರಣೆಗೆ ಈ ಪತ್ರಕ್ಕೆಂದೇ ಕಟ್ಟಿದ ಎರಡು ಸಾಲು:

ಕಟ್ಟಡ ಕಟ್ಟಿದ ಕೈಗಳಿಗೆ ಸುಣ್ಣ
ಪಟ್ಟಣದ ಗೋಡೆಗೆ ಹೊಸ ಹೊಸ ಬಣ್ಣ

ಎರಡೂ 16 ಮಾತ್ರೆ. ಎರಡನೇ ಅಕ್ಷರದಲ್ಲಿ ‘ಟ್ಟ’ ಪ್ರಾಸ, ಕೊನೆಯಲ್ಲಿ ‘ಣ್ಣ’ ಪ್ರಾಸ. ಒತ್ತಕ್ಷರವೇ ಸ್ನೇರ್‌ನ ಕೆಲಸ ಮಾಡುತ್ತದೆ. ಸಂಜೆಯೊಳಗೆ ಬೇಕು ಎಂಬ ಒತ್ತಡದಲ್ಲಿ ಬರುವ ಸಾಲು ಹೀಗಿರುವುದಿಲ್ಲ. ಆಗ ‘ಊರಿನಲ್ಲಿ, ಕೇರಿಯಲ್ಲಿ, ಜೇಬಿನಲ್ಲಿ’ ಬರುತ್ತವೆ. ಕನ್ನಡದಲ್ಲಿ ಪ್ರತ್ಯಯಗಳ, ಕೊನೆಯ ಕ್ರಿಯಾಪದಗಳ ಪ್ರಾಸ ಪುಕ್ಕಟೆ ಸಿಗುತ್ತದೆ: ಅಲ್ಲಿ, ಇಂದ, ಗಳು, ಇದೆ, ಆಯ್ತು. ಪುಕ್ಕಟೆ ಸಿಕ್ಕಿದ್ದನ್ನು ಕಿವಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರಾಸ ಪದದ ಮೂಲದಲ್ಲಿ ಕೂತಾಗಲೇ ಪಂಚ್, ಅಂದರೆ ಸಾಲಿನ ಏಟು, ಬೀಳುವುದು. ಅದನ್ನು ಹುಡುಕಲು ಹದಿನಾರು ಬಾರಿಗೆ ನುರಿತವನಿಗೂ ಎರಡು ಮೂರು ದಿನ ಬೇಕು. ಚಿತ್ರಸಾಹಿತಿಗೆ ಟ್ಯೂನ್ ಕೊಟ್ಟು ವಾರ ಕಾಯುತ್ತೀರಿ. ರ‍್ಯಾಪರ್‌ಗೆ ಮಾತ್ರ ಮಧ್ಯಾಹ್ನ ಟ್ರ್ಯಾಕ್ ಕಳಿಸಿ ರಾತ್ರಿ ಸ್ಟುಡಿಯೋಗೆ ಬಾ ಅನ್ನುತ್ತೀರಿ. ‘ಅವನು ಫ್ರೀಸ್ಟೈಲ್ ಮಾಡ್ತಾನಲ್ಲ’ ಎಂಬುದು ಇದಕ್ಕೆ ಕೊಡುವ ಕಾರಣ. ಫ್ರೀಸ್ಟೈಲ್, ಅಂದರೆ ನಿಂತಲ್ಲೇ ಕಟ್ಟಿ ಹೇಳುವುದು, ಗರಡಿಯ ಸಾಮು, ಅದನ್ನೇ ಕುಸ್ತಿ ಅಂದುಕೊಳ್ಳಬೇಡಿ.

ಇನ್ನು ಸಾಲಿನೊಳಗಿಂದ ಏನು ಕಳಚಿಕೊಳ್ಳುತ್ತದೆ ನೋಡಿ. ಮೊದಲು ಹೋಗುವುದು ಅಂಕಿತನಾಮ. 335ಇ ಬಸ್ಸು, ಬೀದಿಯ ಹೆಸರು, ಬಾಡಿಗೆಯ ಮೊತ್ತ, ಗಾರ್ಮೆಂಟ್ಸ್ ಶಿಫ್ಟಿನ ಹೊತ್ತು. ‘ಇದು ಎಲ್ಲಾ ಕಡೆ ರೀಚ್ ಆಗಲ್ಲ’ ಅನ್ನುವ ಒಂದೇ ವಾಕ್ಯಕ್ಕೆ ಇವು ಅಳಿಸಿ ಹೋಗುತ್ತವೆ. ಎರಡನೆಯದು ಆಡುನುಡಿ. ಹುಬ್ಬಳ್ಳಿಯವನ ‘ಮಾಡಾಕತ್ತೀನಿ’, ಮಂಡ್ಯದವನ ‘ಮಾಡ್ತಾವ್ನೆ’ ಎರಡೂ ಹೋಗಿ, ಯಾವ ಊರಿನದ್ದೂ ಅಲ್ಲದ ಬೆಂಗಳೂರು ಕನ್ನಡ ಬರುತ್ತದೆ. ಮೇಲೆ ಉದುರಿಸಲು ‘ಮಚ್ಚಾ’, ‘ಗುರು’, ‘ಮಗಾ’. ಮೂರನೆಯದು ‘ನಾನು’. ರ‍್ಯಾಪ್ ನಿಂತಿರುವುದೇ ಹೇಳುವವನ ‘ನಾನು’ ಎಂಬ ಪದದ ಮೇಲೆ: ನಾನು ಕಂಡೆ, ನನ್ನ ಮನೆ, ನನ್ನ ಸಾಲ. ನಾಯಕನ ಎಂಟ್ರಿ ಹಾಡಿನಲ್ಲಿ ಅದು ‘ಅಣ್ಣ ಬಂದ’, ‘ಬಾಸ್ ನಿಂತ’ ಎಂದಾಗುತ್ತದೆ. ಸಾಕ್ಷಿ ಹೇಳುತ್ತಿದ್ದವನಿಗೆ ಬಹುಪರಾಕಿನ ಕೆಲಸ ಕೊಟ್ಟ ಹಾಗೆ. ಬಹುಪರಾಕು ಹೇಳುವ ಕಲೆಯೂ ದೊಡ್ಡದೇ, ಆದರೆ ಅದಕ್ಕೆ ಬೇರೆಯವರಿದ್ದಾರೆ.

ಸೆನ್ಸಾರ್ ಭಯ ನಿಜ. ಸಿನಿಮಾದೊಳಗಿನ ಹಾಡಿಗೆ ಪ್ರಮಾಣಪತ್ರ ಬೇಕು, ಯೂಟ್ಯೂಬಿಗೆ ಸ್ವಂತ ಹಾಕುವ ಹಾಡಿಗೆ ಬೇಡ. ಹಾಗಂತ ಬೈಗುಳ ತೆಗೆದರೆ ರ‍್ಯಾಪ್ ಸಾಯುವುದಿಲ್ಲ. ಬೈಗುಳವೇ ಹರಿತ ಅಂದುಕೊಂಡ ಹುಡುಗರಿಗೆ ಆ ಕತ್ತರಿ ಒಳ್ಳೆಯದನ್ನೇ ಮಾಡಿದೆ. ನಮ್ಮ ತಕರಾರು ಬಸ್ ನಂಬರಿಗೆ ಬೀಳುವ ಕತ್ತರಿಯ ಬಗ್ಗೆ.

ಪಾಪ್ ಹುಕ್ (ಮತ್ತೆ ಮತ್ತೆ ಬಂದು ಕಿವಿಯಲ್ಲಿ ಉಳಿಯುವ ಸಾಲು) ಮೇಲೂ ನಮಗೆ ಸಿಟ್ಟಿಲ್ಲ. ನ್ಯೂಯಾರ್ಕಿನ ರ‍್ಯಾಪರ್ ಜೇ-ಝೀ 1996ರ ಮೊದಲ ಆಲ್ಬಮ್ಮಿನ ಬಳಿಕ 1997ರಲ್ಲಿ ಹೊಳಪಿನ ರೇಡಿಯೋ ಸದ್ದಿನ ಹಿಂದೆ ಹೋಗಿ ಟೀಕೆ ಕೇಳಿದ. 1998ರಲ್ಲಿ ಬ್ರಾಡ್‌ವೇ ಸಂಗೀತ ನಾಟಕವೊಂದರ ಮಕ್ಕಳ ಹಾಡನ್ನೇ ಹುಕ್ ಮಾಡಿಕೊಂಡು ಬಂದ. ಇದಕ್ಕಿಂತ ಸಿಹಿ ಹುಕ್ ಇರಲಾರದು, ಆದರೆ ಪದ್ಯಗಳು ಅವನ ಬೀದಿಯವೇ ಆಗಿದ್ದವು. ಆ ಆಲ್ಬಮ್ ಲಕ್ಷಗಟ್ಟಲೆ ಮಾರಿತು. ನಮ್ಮ ಬೆಂಗಳೂರಿನ ಬ್ರೋಧಾ ವಿ 2012ರ ‘ಆತ್ಮರಾಮ’ದಲ್ಲಿ ರಾಮಭಜನೆಯನ್ನು ಹುಕ್ ಮಾಡಿ, ಪದ್ಯದಲ್ಲಿ ಇಂಗ್ಲಿಷಿನಲ್ಲೇ ತನ್ನ ಕಥೆ ಹೇಳಿದ. ಮುಂಬೈಯ ಡಿವೈನ್ ಮತ್ತು ನೇಝಿ 2015ರಲ್ಲಿ ಮಾಡಿದ ‘ಮೇರೆ ಗಲ್ಲಿ ಮೇ’ 2019ರ ‘ಗಲ್ಲಿ ಬಾಯ್’ ಚಿತ್ರಕ್ಕೆ ಬಂತು. ಅಲ್ಲಿ ಹಾಡು ಮೊದಲು ಇತ್ತು, ಸನ್ನಿವೇಶ ಆಮೇಲೆ ಹುಟ್ಟಿತು. ರ‍್ಯಾಪರ್ ಹನುಮಾನ್‌ಕೈಂಡ್‌ನ 2024ರ ‘ಬಿಗ್ ಡಾಗ್ಸ್’ ಸಿನಿಮಾದ ಹಂಗಿಲ್ಲದೆ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನಕ್ಕೆ ಏರಿತು. ಹುಕ್ಕಿಗೆ ಸಕ್ಕರೆ ಹಾಕಿ, ಬೆಲ್ಲ ಹಾಕಿ, ಪದ್ಯಕ್ಕೆ ಕೈ ಹಾಕಬೇಡಿ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಓಡಿದರೆ ಮಾತ್ರ ಒಂದು ಕೇಳಿಕೆ ಎಂದು ಲೆಕ್ಕವಾಗುತ್ತದೆ, ಆದ್ದರಿಂದ ಹುಕ್ ಮೊದಲೇ ಬರಬೇಕು ಎಂಬ ನಿಮ್ಮ ವಾದ ಸರಿಯೇ. ಹುಕ್ 12 ಸೆಕೆಂಡಿನಲ್ಲಿ ಮುಗಿಸಿ ಪದ್ಯಕ್ಕೆ ಬಂದರೆ ಆ ಮೂವತ್ತು ಸೆಕೆಂಡಿನೊಳಗೆ ಎರಡೂ ಕೇಳಿಸಿರುತ್ತವೆ.

ಸ್ಟುಡಿಯೋ ವಿಷಯಕ್ಕೆ ಸ್ವಲ್ಪ ಹೊತ್ತು ಕೂರೋಣ, ಅತಿ ಹೆಚ್ಚು ಹಾಳಾಗುವುದು ಇಲ್ಲೇ.

90ರ ಬೀಟಿನಲ್ಲಿ ಒಂದು ಮಾತ್ರೆಯ ಅಗಲ 167 ಮಿಲಿಸೆಕೆಂಡ್. ಒಳ್ಳೆಯ ರ‍್ಯಾಪರ್ ಬಡಿತದ ಮೇಲೆ ನೇರ ಕೂರುವುದಿಲ್ಲ. 20ರಿಂದ 30 ಮಿಲಿಸೆಕೆಂಡ್ ಹಿಂದೆ ವಾಲುತ್ತಾನೆ, ಪಂಚ್ ಬರುವಾಗ ಮುಂದೆ ಬಾಗುತ್ತಾನೆ. ಅವನ ನಡಿಗೆಯ ಗತ್ತು ಅಂದರೆ ಅದೇ. ಎಡಿಟರ್ ಪ್ರತಿ ಉಚ್ಚಾರವನ್ನೂ ಗ್ರಿಡ್‌ಗೆ (ಬಡಿತ ತೋರಿಸುವ ಕಂಪ್ಯೂಟರ್ ಗೆರೆಗಳಿಗೆ) ಎಳೆದು ಕೂರಿಸಿದ ತಕ್ಷಣ ಗತ್ತು ಹೋಗಿ ಪರೇಡ್ ಉಳಿಯುತ್ತದೆ. ಗ್ರಿಡ್‌ಗೆ ಎಳೆಯಬೇಕಾದರೆ ಬಾರಿನ ಮೊದಲ ಉಚ್ಚಾರವನ್ನು ಮಾತ್ರ ನೋಡಿ, ಉಳಿದದ್ದನ್ನು ಮುಟ್ಟಬೇಡಿ.

ಇಪ್ಪತ್ತು ಟೇಕ್ ತೆಗೆದು ಪದ ಪದ ಜೋಡಿಸುವುದು ಗಾಯಕರ ವಿಷಯದಲ್ಲಿ ನಡೆಯುತ್ತದೆ. ರ‍್ಯಾಪಿನಲ್ಲಿ ಹಾಗೆ ಹೊಲಿದರೆ ಉಸಿರಿನ ಲೆಕ್ಕ ತಪ್ಪುತ್ತದೆ: ನಾಲ್ಕನೇ ಬಾರಿನಲ್ಲಿ ಉಸಿರು ಕಟ್ಟಿ ಬರಬೇಕಾದ ಧ್ವನಿ ಆಗಷ್ಟೇ ನೀರು ಕುಡಿದು ಬಂದಂತೆ ಕೇಳುತ್ತದೆ. ನಾಲ್ಕು ನಾಲ್ಕು ಬಾರಿನ ತುಂಡುಗಳಾಗಿ ತೆಗೆಯಿರಿ, ಒಂದು ತುಂಡು ಒಂದೇ ಉಸಿರಿನ ಓಟದ್ದಾಗಿರಲಿ. ಉಸಿರಿನ ಸದ್ದನ್ನು ಪೂರ್ತಿ ಅಳಿಸುವ ಬದಲು ಏಳೆಂಟು ಡೆಸಿಬೆಲ್ ಇಳಿಸಿದರೆ ಸಾಕು. ಮೈಕ್ ಅರ್ಧ ಗೇಣು ದೂರ, ನಡುವೆ ಪಾಪ್ ಫಿಲ್ಟರ್. ಸೈಫರಿನಲ್ಲಿ (ರ‍್ಯಾಪರ್‌ಗಳು ಸುತ್ತ ನಿಂತು ಸರದಿಯಲ್ಲಿ ಹೇಳುವ ಕೂಟ) ಕೈಮೈಕ್ ಹಿಡಿದು ಕೂಗಿ ಅಭ್ಯಾಸವಾದವನಿಗೆ ಸ್ಟುಡಿಯೋದ ದುಬಾರಿ ಕಂಡೆನ್ಸರ್ ಮೈಕ್ ಮುಂದೆ ಧ್ವನಿ ಕುಗ್ಗುತ್ತದೆ. ಹಾಗಾದರೆ ಕೈಗೆ ವೇದಿಕೆಯ ಡೈನಾಮಿಕ್ ಮೈಕನ್ನೇ ಕೊಡಿ, ನಾಚಿಕೆಪಡುವಂಥದ್ದೇನಿಲ್ಲ.

ಡಬಲ್ ಹಾಕುವ, ಅಂದರೆ ಅದೇ ಸಾಲನ್ನು ಮತ್ತೆ ಹೇಳಿಸಿ ಮೇಲೆ ಪೇರಿಸುವ ಚಟವೊಂದಿದೆ. ಕೋರಸ್ಸಿನ ಹಾಗೆ ಎಡಕ್ಕೆರಡು ಬಲಕ್ಕೆರಡು ಧ್ವನಿ ಪೇರಿಸಿದರೆ ಪ್ರತಿ ಟೇಕಿನ ತ, ಪ, ಕ ಬೇರೆ ಬೇರೆ ಕ್ಷಣದಲ್ಲಿ ಬಿದ್ದು ಮಾತು ಕಲಸಿದ ಮುದ್ದೆಯಾಗುತ್ತದೆ. ನಡುವೆ ಒಂದೇ ಧ್ವನಿ ಇರಲಿ, ಸಾಲಿನ ಕೊನೆಯ ಪದಕ್ಕೆ ಮತ್ತು ಪಂಚಿಗೆ ಮಾತ್ರ ಡಬಲ್. ಆಟೋಟ್ಯೂನ್ (ಧ್ವನಿಯನ್ನು ಸ್ವರಕ್ಕೆ ಕೂರಿಸುವ ತಂತ್ರಾಂಶ) ಹುಕ್ಕಿಗೆ ಅಲಂಕಾರ. ಪದ್ಯಕ್ಕೆ ಹಾಕಿದರೆ ಮಾತಿನ ಏರಿಳಿತ ಸ್ವರಗಳಿಗೆ ಅಂಟಿಕೊಂಡು, ವ್ಯಂಗ್ಯ ಯಾವುದು ಕೋಪ ಯಾವುದು ಗೊತ್ತಾಗುವುದಿಲ್ಲ. ಇನ್ನು ಹಿನ್ನೆಲೆ: ಸಿಂಥ್ ಲೀಡ್, ನಾದಸ್ವರ, ತಾಳವಾದ್ಯ ಎಲ್ಲವೂ ವ್ಯಂಜನಗಳ ಸ್ಪಷ್ಟತೆ ಇರುವ 2ರಿಂದ 5 ಕಿಲೋಹರ್ಟ್ಸ್ ನಡುವೆಯೇ ಕೂತಿರುತ್ತವೆ. ಧ್ವನಿ ಮುಳುಗಿತು ಎಂದು ಟ್ರೆಬಲ್ ಏರಿಸಿದರೆ ‘ಸ’ಕಾರ ಕಿವಿ ಕೊರೆಯುತ್ತದೆ. ಪದ್ಯದ ಹಿಂದೆ ಎರಡು ವಾದ್ಯ ಮ್ಯೂಟ್ ಮಾಡಿ ನೋಡಿ, ಯಾವ ಪ್ಲಗಿನ್ನೂ ಮಾಡದ ಕೆಲಸ ಆಗುತ್ತದೆ. ಕೊನೆಗೆ ಮಾಸ್ಟರಿಂಗಿನಲ್ಲಿ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಹಿಂಡಿ ಹಿಪ್ಪೆ ಮಾಡಿ ಸದ್ದು ಏರಿಸುವುದರಿಂದಲೂ ಲಾಭವಿಲ್ಲ. ಸ್ಪಾಟಿಫೈ ತಾನಾಗಿ ಅದನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ) ಮಟ್ಟಕ್ಕೆ ಇಳಿಸುತ್ತದೆ. ಹಿಂಡಿದ್ದು ಹಾಗೇ ಉಳಿಯುತ್ತದೆ, ಜೋರು ಮಾತ್ರ ಹೋಗುತ್ತದೆ.

ಈಗ ಕಾಗದ. ರ‍್ಯಾಪ್ ಪದ್ಯವನ್ನು ಬರೆದವನೇ ಹೇಳುತ್ತಾನೆ. ಕಾನೂನಿನ ಕಣ್ಣಲ್ಲಿ ಅವನು ಸಾಹಿತ್ಯದ ಕರ್ತೃವೂ ಹೌದು, ಪ್ರದರ್ಶಕನೂ ಹೌದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ, ಸಿನಿಮಾ ಹಾಡಿನ ಸಾಹಿತ್ಯ ಬರೆದವನು, ಥಿಯೇಟರಿನಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಗಳಿಗೆ ಸಿಗುವ ಸಮಪಾಲು ರಾಯಧನವನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ವಹಿಸಬಹುದು, ಅಷ್ಟೇ. ಆದರೂ ‘ಒಂದೇ ಸಲದ ಸಂಭಾವನೆ, ಮುಂದೆ ಯಾವ ಹಕ್ಕೂ ಇಲ್ಲ’ ಎಂದು ಟೈಪ್ ಮಾಡಿದ ಪುಟ ಚಾಲ್ತಿಯಲ್ಲಿದೆ. ಲಿರಿಕಲ್ ವಿಡಿಯೋದಲ್ಲಿ ‘ಸಾಹಿತ್ಯ’ ಎಂಬಲ್ಲಿ ಒಬ್ಬರೇ ಚಿತ್ರಸಾಹಿತಿಯ ಹೆಸರು, ಕೆಳಗೆ ಸಣ್ಣದಾಗಿ ‘ರ‍್ಯಾಪ್’ ಎಂದು ಇವನ ಹೆಸರು. ರಾಯಧನ ಸಂಗ್ರಹಿಸಿ ಹಂಚುವ ಕೃತಿಸ್ವಾಮ್ಯ ಸಂಘ ಐಪಿಆರ್‌ಎಸ್‌ನಲ್ಲಿ ಕೃತಿ ನೋಂದಣಿಯಾಗುವಾಗ ಇದೇ ತಪ್ಪು ಹಾಗೇ ಹೋಗುತ್ತದೆ, ಪದ್ಯ ಬರೆದವನ ಪಾಲು ಸೊನ್ನೆ. ರೆಕಾರ್ಡಿಂಗ್ ದಿನವೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಬರೆದವರ ಪೂರ್ಣ ಹೆಸರು, ಹಕ್ಕುದಾರರನ್ನು ಗುರುತಿಸುವ ಐಪಿಐ ಸಂಖ್ಯೆ, ಸಾಹಿತ್ಯದಲ್ಲಿ ಯಾರಿಗೆ ಶೇಕಡಾ ಎಷ್ಟು, ಎಲ್ಲರ ಸಹಿ. ಹತ್ತು ನಿಮಿಷದ ಕೆಲಸ.

ಕಾಗದಕ್ಕೂ ಹರಿತಕ್ಕೂ ಏನು ಸಂಬಂಧ ಎನ್ನಬಹುದು. ಇದೇ ಸಂಬಂಧ. ಆಡಿಯೋ ಕಂಪನಿಯೊಂದು ಹುಡುಗನಿಗೆ 2 ಲಕ್ಷ ಅಡ್ವಾನ್ಸ್ ಕೊಟ್ಟು, 5 ಲಕ್ಷದಲ್ಲಿ ವಿಡಿಯೋ ಮಾಡಿ, ಎರಡನ್ನೂ ಅವನ ಶೇಕಡಾ 20ರ ಪಾಲಿನಿಂದಲೇ ಮುರಿದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಹಾಡು 35 ಲಕ್ಷ ದುಡಿಯುವ ತನಕ ಅವನಿಗೆ ಬಿಡಿಗಾಸಿಲ್ಲ. ಎರಡನೇ ಹಾಡಿಗೆ ಕೂತಾಗ ಅವನ ತಲೆಯಲ್ಲಿರುವುದು ಆ 35 ಲಕ್ಷ. ಬಸ್ ನಂಬರನ್ನು ಯಾರೂ ಹೇಳದೆ ಅವನೇ ಅಳಿಸುತ್ತಾನೆ, ಪ್ರೇಮಗೀತೆಯ ಹುಕ್ಕನ್ನು ಅವನೇ ಕೇಳಿ ಹಾಕಿಸುತ್ತಾನೆ. ವಿಡಿಯೋ ಖರ್ಚಿನ ಅರ್ಧವನ್ನಾದರೂ ಕಂಪನಿ ತನ್ನ ಲೆಕ್ಕಕ್ಕೆ ಹಾಕಿಕೊಂಡರೆ ಎರಡನೇ ಹಾಡಿನ ಧೈರ್ಯ ಉಳಿಯುತ್ತದೆ.

ಇನ್ನೊಂದು ಎಡವಟ್ಟು ಬೀಟಿನದು. ಅಂತರ್ಜಾಲದಲ್ಲಿ ಅಗ್ಗಕ್ಕೆ ಲೀಸ್ ಪಡೆದ ಬೀಟಿನ ಮೇಲೆ ಹುಡುಗ ಹಾಡು ಮಾಡಿರುತ್ತಾನೆ. ಅದು ಅವನೊಬ್ಬನಿಗೆ ಕೊಟ್ಟದ್ದಲ್ಲ, ಹತ್ತಾರು ಜನ ಅದೇ ಬೀಟ್ ಬಳಸಿರುತ್ತಾರೆ. ನೀವು ಆ ಹಾಡನ್ನು ಕೊಂಡು ಯೂಟ್ಯೂಬಿನ ಕಂಟೆಂಟ್ ಐಡಿಗೆ (ಹೋಲುವ ಸದ್ದನ್ನು ತಾನಾಗಿ ಹುಡುಕುವ ವ್ಯವಸ್ಥೆ) ಸೇರಿಸಿದರೆ ಆ ಹತ್ತಾರು ಜನರ ವಿಡಿಯೋಗಳಿಗೂ ಕ್ಲೇಮ್ ಬೀಳುತ್ತದೆ. ಅವರೆಲ್ಲ ಬೈಯುವುದು ನಿಮಗಲ್ಲ, ‘ದೊಡ್ಡವನಾದ’ ಹುಡುಗನಿಗೆ. ಕೊಳ್ಳುವ ಮುಂಚೆ ಎಕ್ಸ್‌ಕ್ಲೂಸಿವ್ ಹಕ್ಕು ಮತ್ತು ಬಿಡಿ ಟ್ರ್ಯಾಕ್‌ಗಳನ್ನು ಬೀಟ್ ಮಾಡಿದವನಿಂದ ಬರಹದಲ್ಲಿ ಪಡೆಯಿರಿ, ಇಲ್ಲವೇ ಹೊಸ ಬೀಟ್ ಕಟ್ಟಿಸಿ.

ಈ ಪತ್ರ ಓದುತ್ತಿರುವ ರ‍್ಯಾಪರ್ ತಮ್ಮಂದಿರಿಗೆ, ತಂಗಿಯರಿಗೆ ಪಕ್ಕದಲ್ಲೇ ಎರಡು ಮಾತು. ಕರೆ ಬಂದಾಗ ಸಂಭಾವನೆಗಿಂತ ಮೊದಲು ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ) ಕೇಳಿ, ಎಷ್ಟು ಬಾರ್ ಕೇಳಿ, ಯಾರ ಬಾಯಿಂದ ಬರುವ ಮಾತು ಕೇಳಿ. ಎಂಟು ಬಾರ್ ಅಂದರೂ ಹದಿನಾರು ಬರೆದುಕೊಂಡು ಹೋಗಿ. ಎಲ್ಲಿ ಕತ್ತರಿಸಬಹುದು, ಎಲ್ಲಿ ಕೂಡದು ಎಂದು ಹಾಳೆಯಲ್ಲಿ ನೀವೇ ಗೆರೆ ಹಾಕಿ. ನೀವು ಹಾಕದಿದ್ದರೆ ನಿಮ್ಮ ಕನ್ನಡ ಬಾರದ ಎಡಿಟರ್ ಹಾಕುತ್ತಾನೆ. ಒಪ್ಪಂದದಲ್ಲಿ ಅವಧಿ ಬರೆದಿರದಿದ್ದರೆ ಕಾಯ್ದೆಯ ಪ್ರಕಾರ ಐದು ವರ್ಷ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ ಎಂದರ್ಥ; ‘ಶಾಶ್ವತ’, ‘ವಿಶ್ವಾದ್ಯಂತ’ ಎಂಬ ಎರಡು ಪದ ಎಲ್ಲಿವೆ ನೋಡಿ ಸಹಿ ಮಾಡಿ. ಹಳೆಯ ಹಾಡುಗಳನ್ನು, ಡಿಸ್ ಟ್ರ್ಯಾಕ್‌ಗಳನ್ನು (ಎದುರಾಳಿಯನ್ನು ಜರೆಯುವ ಹಾಡು) ತೆಗೆಸುವ ಷರತ್ತು ಇದ್ದರೆ ಅದಕ್ಕೆ ಬೇರೆ ಬೆಲೆ ಕಟ್ಟಿ. ಕಾಲೇಜು ಫೆಸ್ಟ್, ರಾಜ್ಯೋತ್ಸವದ ವೇದಿಕೆಗಳಿಗೆ ಪೂರ್ತಿ ಧ್ವನಿಯಿರುವ ಟ್ರ್ಯಾಕ್ ಹಾಕಿ ತುಟಿ ಆಡಿಸಬೇಡಿ. ಹುಕ್ ಮತ್ತು ಸಾಲಿನ ಕೊನೆಯ ಪದಗಳ ಡಬಲ್ ಮಾತ್ರ ಇರುವ ಶೋ ಮಿಕ್ಸನ್ನು ರೆಕಾರ್ಡಿಂಗ್ ದಿನವೇ ಕೇಳಿ ಪಡೆಯಿರಿ. ಆರು ತಿಂಗಳು ತುಟಿ ಆಡಿಸಿದವನಿಗೆ ಏಳನೇ ತಿಂಗಳು ಹದಿನಾರು ಬಾರಿಗೆ ಉಸಿರು ಸಾಲದು; ಆಗ ಎಂಟು ಬಾರ್ ಸಾಕು ಎಂದು ಅವನಿಗೇ ಅನ್ನಿಸತೊಡಗುತ್ತದೆ.

ಮತ್ತೆ ನಿಮ್ಮ ಕಡೆಗೆ, ಸ್ವಾಮಿ. ಮೇಲೆ ಕೇಳಿದ್ದೆಲ್ಲ ಮುಂದಿನ ಹಾಡುಗಳಿಗೆ. ಈಗಾಗಲೇ ಬಂದ ಹಾಡುಗಳ ವಿಷಯದಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹಾಡಿನ ವಿವರವನ್ನು ಬಿಡುಗಡೆಯಾದ ಮೇಲೂ ತಿದ್ದಬಹುದು, ಯೂಟ್ಯೂಬಿನ ವಿವರಣೆಯನ್ನೂ ತಿದ್ದಬಹುದು, ಐಪಿಆರ್‌ಎಸ್‌ನ ನೋಂದಣಿಯಲ್ಲಿ ಬರೆದವರ ಹೆಸರು ಸೇರಿಸಲು ಅರ್ಜಿ ಕೊಡಬಹುದು. ನಿಮ್ಮ ಸಂಸ್ಥೆಯ ಪಟ್ಟಿಯಲ್ಲಿ ರ‍್ಯಾಪ್ ಪದ್ಯವಿರುವ ಹಾಡುಗಳೆಷ್ಟು ಎಂದು ಒಬ್ಬ ಹುಡುಗನನ್ನು ಕೂರಿಸಿ ಎಣಿಸಿ. ‘ಸಾಹಿತ್ಯ’ ಎಂಬಲ್ಲಿ ಆ ಪದ್ಯ ಬರೆದವನ ಹೆಸರಿಲ್ಲದಿದ್ದರೆ, ಈ ತಿಂಗಳೊಳಗೆ ಸೇರಿಸಿ.

ಇಂತಿ,
ಬೀಟ್ ಕಟ್ಟುವ, ಸಾಲು ಬರೆಯುವ, ಮಿಕ್ಸ್ ಮಾಡುವ ಕೆಲವರು
ಬೆಂಗಳೂರು